ಸೀಸೆಯೊಳಗಿನ ಅವರೆ

ನನ್ನ ಕೈಗೆ ಕೊಟ್ಟಿದ್ದ ನಮೂನೆಯಲ್ಲಿ ಗಿಡಗಳಿಗೆ ಎರಡೇ ಕಾಲಂ ಇದ್ದವು. ಒಂದು ಕಾಡಿನವು, ಇನ್ನೊಂದು ಬೆಳೆಸಿದವು. ಕಂಡದ್ದನ್ನೆಲ್ಲ ಈ ಎರಡರಲ್ಲಿ ಒಂದಕ್ಕೆ ತುರುಕಬೇಕು. ಆ ನಮೂನೆ ಮಾಡಿದವರು ಜನ್ಮದಲ್ಲಿ ಒಮ್ಮೆಯೂ ರಾಗಿ ಹೊಲದೊಳಗೆ ಕಾಲಿಟ್ಟಿರಲಿಕ್ಕಿಲ್ಲ ಎಂದು ಈಗ ಬೈದುಕೊಳ್ಳುತ್ತೇನೆ. ಆಗ ನಾನೂ ಇಟ್ಟಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ರಾಜಾಜಿನಗರದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕಚೇರಿ ಎಂದರೆ ಎರಡು ಕೋಣೆ, ಒಂದು ಕಂಪ್ಯೂಟರು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು, ನಮ್ಮ ಸಾರು ಮತ್ತು ನಾನು. ಸಾರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಹಕ್ಕಿ ಎಂದರೆ ಪ್ರಾಣ ಬಿಡುವವರು. ದೇಶದ ಜೀವವೈವಿಧ್ಯವನ್ನು ಉಳಿಸಲು ದೆಹಲಿಯಲ್ಲಿ ಒಂದು ದೊಡ್ಡ ಯೋಜನೆ ತಯಾರಾಗುತ್ತಿತ್ತು. ಊರೂರಿನಿಂದ ಅದಕ್ಕೆ ವರದಿ ಹೋಗಬೇಕಿತ್ತು. ಬೆಂಗಳೂರಿನ ಪಶ್ಚಿಮದ ಅಂಚು ನಮ್ಮ ಸಾರ ಪಾಲಿಗೆ ಬಂದಿತ್ತು. ಅಲೆದಾಡಿ ಬರೆದುಕೊಂಡು ಬರುವುದು, ಬಂದು ಟೈಪು ಮಾಡುವುದು ನನ್ನ ಪಾಲಿಗೆ. ನಾನು ದಾವಣಗೆರೆಯ ಪೇಟೆಯಲ್ಲಿ ಬೆಳೆದು, ಸಸ್ಯಶಾಸ್ತ್ರದ ಪದವಿ ಮುಗಿಸಿ, ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದವಳು. ಎಲೆ ನೋಡಿ ಅದರ ಶಾಸ್ತ್ರೀಯ ಹೆಸರು ಹೇಳಬಲ್ಲೆನೆಂಬ ಜಂಬ ಬೇಕಾದಷ್ಟಿತ್ತು.

ಕೆರೆ ಆಯಿತು, ಗುಡ್ಡ ಆಯಿತು, ರಸ್ತೆ ಬದಿಯ ಆಲದ ಮರಗಳೂ ಆದವು. ಒಂದು ಬೆಳಿಗ್ಗೆ ಮಾಗಡಿ ರಸ್ತೆಯ ಬಸ್ಸು ಹತ್ತಿ ಬ್ಯಾಡರಹಳ್ಳಿಯಲ್ಲಿ ಇಳಿದು ಒಳಗೆ ನಡೆದೆ. ಕಾರ್ತಿಕದ ಚಳಿ ಆಗಷ್ಟೇ ಶುರುವಾಗಿತ್ತು. ದಾರಿಯ ಎರಡೂ ಕಡೆ ಸೈಟುಗಳ ಗಡಿಗೆ ನೆಟ್ಟ ಹಳದಿ ಬಣ್ಣ ಬಳಿದ ಕಲ್ಲುಗಳು, ನಡುವೆ ಜಲ್ಲಿ ಸುರಿದ ರಸ್ತೆಗಳು, ಮನೆ ಮಾತ್ರ ಒಂದೂ ಇಲ್ಲ. ಅದರ ಕೊನೆಗೆ ಒಂದೂವರೆ ಎಕರೆಯಷ್ಟು ಹಸಿರು ಉಳಿದಿತ್ತು. ಹತ್ತಿರ ಹೋದಂತೆ ಮೂಗಿಗೆ ಅವರೆಯ ಸೊಗಡು ಬಡಿಯಿತು.

ಹೊಲದೊಳಗೆ ಒಬ್ಬ ಅಜ್ಜಿ ಕೂತು ಸೊಪ್ಪು ಕೀಳುತ್ತಿದ್ದರು. ನನ್ನ ಬ್ಯಾಗು, ಫೈಲು ನೋಡಿ ಅವರು ಮುಖ ಗಂಟಿಕ್ಕಿದರು.

“ಸೈಟ್ ನೋಡಕ್ಕೆ ಬಂದ್ಯಾ? ಇದು ಕೊಡಾಕಿಲ್ಲ ಹೋಗವ್ವ.”

“ಸೈಟಿಗಲ್ಲ ಅಜ್ಜಿ. ಗಿಡ ಬರ್ಕೊಳ್ಳೋಕೆ ಬಂದಿದೀನಿ.”

“ಗಿಡ ಬರ್ಕಂತಾರಾ?” ಎಂದು ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು. “ಬರ್ಕೋ, ಅದಕ್ಕೇನು.”

ನಾನು ಪೆನ್ನು ತೆಗೆದು ‘ರಾಗಿ’ ಎಂದು ಬರೆದೆ. ಮುಗಿಯಿತು, ಹೊರಡೋಣ ಎಂದುಕೊಂಡೆ. ಅಜ್ಜಿ ಬಿಡಬೇಕಲ್ಲ. ಕೈ ಹಿಡಿದು ಸಾಲುಗಳ ನಡುವೆ ಎಳೆದುಕೊಂಡು ಹೋದರು. ಆರು ಸಾಲು ರಾಗಿಯಾದ ಮೇಲೆ ಒಂದು ಸಾಲು ಬೇರೆಯದೇ ಇತ್ತು. ಅದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಸಜ್ಜೆ, ಹುಚ್ಚೆಳ್ಳು, ಸಾಸಿವೆ, ಹರಳು, ಪುಂಡಿ ಎಲ್ಲ ಕಲೆತು ನಿಂತಿದ್ದವು. ರಾಗಿಯನ್ನು ಬಿಟ್ಟು ಒಂಬತ್ತು. ಮುಂಗಾರು ಕೈಕೊಟ್ಟರೆ ಇದು, ಹಿಂಗಾರು ಕೈಕೊಟ್ಟರೆ ಅದು, ಎರಡೂ ಕೈಕೊಟ್ಟರೆ ಹರಳಾದರೂ ಬರುತ್ತದೆ ಎಂದು ಅಜ್ಜಿ ಒಂದೊಂದೇ ಗಿಡ ಮುಟ್ಟಿ ಹೇಳಿದರು. ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ, ತಲೆಗೆ ಎಣ್ಣೆ, ಹಗ್ಗಕ್ಕೆ ನಾರು, ದನಕ್ಕೆ ಮೇವು, ಎಲ್ಲವೂ ಈ ಒಂದೂವರೆ ಎಕರೆಯಿಂದ. ಅಂಗಡಿಯಿಂದ ತರುವುದು ಉಪ್ಪು, ಬೆಲ್ಲ, ಕಾಫಿಪುಡಿ, ಸೋಪು ಮಾತ್ರವಂತೆ.

“ಈ ಸೊಪ್ಪೆಲ್ಲಾ ನೀವೇ ಬೆಳೆಸಿದ್ದಾ ಅಜ್ಜಿ?” ಎಂದು ಅವರ ಮಡಿಲು ತೋರಿಸಿ ಕೇಳಿದೆ. ನನ್ನ ಕಾಲಂ ತುಂಬಬೇಕಿತ್ತಲ್ಲ.

“ಬೆರಕೆ ಸೊಪ್ಪು ಯಾರಾದ್ರೂ ಬೆಳುಸ್ತಾರಾ?”

“ಹಂಗಾದ್ರೆ ಕಾಡಿಂದು ಅಂತ ಬರ್ಕೊಳ್ಳಾ?”

“ಕಾಡೆಲ್ಲೈತೆ ಇಲ್ಲಿ? ಹೊಲ ಉತ್ರೆ ಬತ್ತವೆ. ಉಳದೆ ಬುಟ್ರೆ ಬರಾಕಿಲ್ಲ. ಎಲ್ಲಾ ಕಿತ್ಬುಟ್ರೆ ಮುಂದಲ ವರ್ಷಕ್ಕೆ ಇರಾಕಿಲ್ಲ ಅಂತ ಒಸಿ ಬುಡ್ತೀವಿ.”

ಅಣ್ಣೆ, ಗಣಿಕೆ, ಹೊನಗೊನ್ನೆ ಎಂದು ಅಜ್ಜಿ ಮಡಿಲಿನಿಂದ ಒಂದೊಂದೇ ಕಡ್ಡಿ ತೆಗೆದು ಹೇಳುತ್ತಾ ಹೋದರು. ನಾನು ನಮೂನೆಯನ್ನು ಮಡಿಚಿ ಬ್ಯಾಗಿಗೆ ಹಾಕಿ, ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯತೊಡಗಿದೆ. ನಾನು ಓದಿದ ಓದೆಲ್ಲ ಅಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿತ್ತು. ಎಷ್ಟು ಸಂತೋಷವಾಗಿತ್ತೆಂದರೆ ತಿಂಡಿ ತಿಂದಿರಲಿಲ್ಲ ಎಂಬುದು ನೆನಪಾದದ್ದೇ ಮಧ್ಯಾಹ್ನ.

ಅಕ್ಕಡಿಯಲ್ಲಿದ್ದ ಅವರೆಯ ಬಗ್ಗೆ ಅಜ್ಜಿಗೆ ವಿಶೇಷ ಮಮತೆ. ಅದಕ್ಕೆ ಬೇರೆ ಹೆಸರಿಲ್ಲ. ‘ನಮ್ಮತ್ತೆ ಅವರೆ’ ಎಂದೇ ಕರೆಯುತ್ತಿದ್ದರು. ಅವರ ಅತ್ತೆ ಕೊಟ್ಟ ಬೀಜ ಅದು. ಕಾಳು ಸಣ್ಣದು, ಕಂದು ಬಣ್ಣದ್ದು, ಒಂಚೂರು ಚಪ್ಪಟೆ. ತಾನು ಸೊಸೆಯಾಗಿ ಬಂದ ವರ್ಷದಿಂದ ಒಂದು ವರ್ಷವೂ ತಪ್ಪದೆ ಬಿತ್ತಿದ್ದೇನೆ ಎಂದರು. ಸುತ್ತಲಿನ ಹೊಲಗಳಲ್ಲಿ ಇದ್ದದ್ದೆಲ್ಲ ಕಲ್ಲು ನೆಟ್ಟ ಮೇಲೆ ಹೋಯಿತಂತೆ.

“ಬರ್ಕಂಡ್ರೆ ಏನಾಯ್ತದವ್ವ?” ಎಂದು ಹೊರಡುವಾಗ ಕೇಳಿದರು.

ಈ ಪ್ರಶ್ನೆಗೆ ‘ಏನೂ ಆಗಲ್ಲ ಅಜ್ಜಿ’ ಎಂದಿದ್ದರೆ ನಾನು ಈವತ್ತು ಇದನ್ನು ಬರೆಯುತ್ತಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ದೆಹಲಿಗೆ ಹೋಗುತ್ತೆ ಅಜ್ಜಿ. ಪುಸ್ತಕ ಆಗುತ್ತೆ. ಇಂಥ ಹೊಲ ಉಳಿಸಬೇಕು ಅಂತಾನೇ ಯೋಜನೆ ಇರೋದು.”

“ಹಂಗಾ,” ಎಂದರು ಅಜ್ಜಿ. ಪಕ್ಕದ ಹಳದಿ ಕಲ್ಲುಗಳ ಕಡೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ನೋಡಿದರು. ಅವರು ನಂಬಿದರು. ಅವರು ನಂಬಿದ್ದು ನನಗೆ ಕಂಡಿತು, ಕಂಡು ಹಿಗ್ಗಿದೆ.

ಕಚೇರಿಗೆ ಬಂದು ಸಾರ ತಲೆ ತಿಂದೆ. ವರದಿಯಲ್ಲಿ ಹೊಲಗಳಿಗೆ ಒಂದು ಅಧ್ಯಾಯ ಇರಲೇಬೇಕು ಎಂದೆ.

“ಹೊಲ ಅಂದ್ರೆ ಕೃಷಿ ಕಣಮ್ಮ. ಅದಕ್ಕೆ ಬೇರೆ ಇಲಾಖೆ ಇದೆ. ನಾವು ವನ್ಯಜೀವಿ, ಕೆರೆ, ಕಾಡು ಅಂತ ನೋಡ್ಕೋಬೇಕು.”

“ಆ ಒಂದು ಹೊಲದಲ್ಲಿ ಇರೋಷ್ಟು ಗಿಡ ನಾವು ಬರೆದಿರೋ ಗುಡ್ಡದಲ್ಲಿ ಇಲ್ಲ ಸಾರ್.”

ಸಾರು ಒಳ್ಳೆಯವರು. ನನ್ನ ಕಾಟ ತಡೆಯಲಾರದೆ ಒಂದು ದಿನ ಜೊತೆಗೆ ಬಂದರು. ಅಕ್ಕಡಿಯ ಜೋಳದ ತೆನೆಗೆ ಪುಟ್ಟ ಪುಟ್ಟ ರಾಟವಾಳ ಹಕ್ಕಿಗಳು ಮುತ್ತಿದ್ದವು. ಸಾರು ದುರ್ಬೀನು ಕಣ್ಣಿಗಿಟ್ಟವರು ಒಂದು ಗಂಟೆ ಕೆಳಗಿಳಿಸಲಿಲ್ಲ. ಹಕ್ಕಿ ಓಡಿಸುವುದಿಲ್ಲವೇ ಎಂದು ಅಜ್ಜಿಯನ್ನು ಕೇಳಿದರು. ಜೋಳ ಹಾಕುವುದೇ ಅದಕ್ಕೆ, ಅದನ್ನು ತಿನ್ನಲಿ, ರಾಗಿ ತಂಟೆಗೆ ಬರದಿರಲಿ ಎಂದರು ಅಜ್ಜಿ. ಸಾರು ಖುಷಿಯಾಗಿ ವಾಪಸು ಬಂದು ಹಕ್ಕಿಗಳ ಅಧ್ಯಾಯಕ್ಕೆ ಅರ್ಧ ಪುಟ ಸೇರಿಸಿದರು. ಹೊಲದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನನ್ನ ಮೈ ಉರಿದುಹೋಯಿತು.

ಕೃಷಿಯವರ ಕಚೇರಿಯೊಂದಕ್ಕೂ ಹೋದೆ. ಅಲ್ಲಿನ ಅಧಿಕಾರಿ ನನ್ನ ಪಟ್ಟಿ ನೋಡಿ ಮೃದುವಾಗಿಯೇ ಹೇಳಿದರು. “ಇದೆಲ್ಲ ಹಳೇ ಪದ್ಧತಿ ಮೇಡಂ. ಇಳುವರಿ ಇಲ್ಲ. ನಾವೇ ಬಿಡ್ಸಿದ್ವಿ. ನಿಮ್ದು ಜೀವವೈವಿಧ್ಯ ಅಲ್ವಾ, ಅರಣ್ಯದವರನ್ನ ಕೇಳಿ.” ಕಾಡಿನವರು ಹೊಲ ನಮ್ಮದಲ್ಲ ಎನ್ನುತ್ತಾರೆ, ಹೊಲದವರು ವೈವಿಧ್ಯ ನಮ್ಮದಲ್ಲ ಎನ್ನುತ್ತಾರೆ. ಆ ಅಜ್ಜಿಯ ಒಂದೂವರೆ ಎಕರೆ ಸರ್ಕಾರದ ಯಾವ ಮೇಜಿನ ಮೇಲೂ ನಿಲ್ಲುವಂತಿರಲಿಲ್ಲ. ಹಟಕ್ಕೆ ಬಿದ್ದು ಅಧ್ಯಾಯವನ್ನು ನಾನೇ ಬರೆದೆ. ‘ಹೊಲ ಮತ್ತು ಊಟ’ ಎಂದು ಹೆಸರಿಟ್ಟೆ. ಒಂಬತ್ತು ಅಕ್ಕಡಿ ಬೆಳೆ, ಬೆರಕೆ ಸೊಪ್ಪುಗಳು, ಯಾವುದು ಯಾವ ಅಡುಗೆಗೆ, ಯಾವುದು ಯಾವ ಹಕ್ಕಿಗೆ, ಎಲ್ಲವನ್ನೂ ಹಾಕಿದೆ. ‘ನಮ್ಮತ್ತೆ ಅವರೆ’ಯನ್ನು ಅದೇ ಹೆಸರಿನಲ್ಲಿ ಬರೆದೆ. ಸಾರು ಓದಿ, ಚೆನ್ನಾಗಿದೆ, ಇರಲಿ, ಕಳಿಸೋಣ ಎಂದರು.

ಬೇಸಿಗೆಯ ಕೊನೆಗೆ ದೆಹಲಿಯಿಂದ ಸಮಿತಿಯವರು ನಮ್ಮ ಕಚೇರಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ತೋರಿಸಲು ಬೀಜಗಳ ಮಾದರಿ ಬೇಕೆಂದು ನಾನು ಮತ್ತೆ ಬ್ಯಾಡರಹಳ್ಳಿಯ ಕಡೆ ಹೋದೆ. ಹೊಲ ಇರಲಿಲ್ಲ. ಬಡಾವಣೆಯವರ ಬುಲ್ಡೋಜರು ಓಡಾಡಿ ನೆಲ ಮಟ್ಟವಾಗಿತ್ತು. ಅದೇ ಹಳದಿ ಕಲ್ಲುಗಳು ಬಂದು ಕೂತಿದ್ದವು. ಅಜ್ಜಿಯ ಮನೆ ಊರೊಳಗಿತ್ತು. ಜಗಲಿಯ ಮೇಲೆ ಕೂತಿದ್ದವರು ನನ್ನನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ.

“ಬುಕ್ಕು ಇನ್ನೂ ಆಗಿಲ್ವಾ?” ಎಂದಷ್ಟೇ ಕೇಳಿದರು.

“ಆಗ್ತಾ ಇದೆ ಅಜ್ಜಿ,” ಎಂದೆ. ಸ್ವಲ್ಪ ಬೀಜ ಬೇಕಿತ್ತು, ಸಮಿತಿಯವರಿಗೆ ತೋರಿಸಬೇಕು ಎಂದೆ.

ಅಜ್ಜಿ ಎದ್ದು ಒಳಗೆ ಹೋಗಿ ಒಂದು ಗುಡಾಣವನ್ನೇ ಎತ್ತಿಕೊಂಡು ಬಂದರು. ಒಳಗೆ ಒಂಬತ್ತು ಬಟ್ಟೆಯ ಗಂಟುಗಳು. ಒಂದೊಂದರಲ್ಲೂ ಹುಳ ಬೀಳದಂತೆ ಒಲೆಯ ಬೂದಿಯಲ್ಲಿ ಹೊರಳಿಸಿದ ಬೀಜ. ನಾನು ಒಂದೊಂದು ಹಿಡಿ ಸಾಕು ಎಂದರೆ ಕೇಳಲಿಲ್ಲ. ಒಂಬತ್ತೂ ಗಂಟನ್ನು ನನ್ನ ಬ್ಯಾಗಿಗೆ ತುಂಬಿದರು.

“ಮೊದಲಾಗಿದ್ರೆ ಪಕ್ಕದ ಮನೇರಿಗೆ ಕೊಡ್ತಿದ್ದೆ. ಅವ್ರದ್ದೂ ಹೋಯ್ತು. ಈ ವರ್ಷ ನೀವು ಬಿತ್ಕಳ್ಳಿ. ಮುಂದಲ ವರ್ಷ ಇಷ್ಟೇ ಕೊಡಿ ಸಾಕು, ಮೇಲೊಂದು ಹಿಡಿ.”

“ಆಯ್ತಜ್ಜಿ,” ಎಂದೆ.

ಅದು ಏನೋ ಪ್ರೀತಿಯ ಮಾತು ಎಂದುಕೊಂಡೆ ನಾನು. ಆ ಕಡೆಯ ಊರುಗಳ ಪದ್ಧತಿ ನನಗೆ ಗೊತ್ತಿರಲಿಲ್ಲ. ಯಾವುದಾದರೂ ವರ್ಷ ಒಬ್ಬರಿಗೆ ಬಿತ್ತಲು ಆಗದಿದ್ದರೆ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊಲ ಇರುವವರ ಕೈಗೆ ಕೊಡುತ್ತಾರೆ. ಅವರು ಬಿತ್ತಿ ಬೆಳೆದು ಮುಂದಿನ ವರ್ಷ ಅಷ್ಟೇ ಅಳತೆಯ ಹೊಸ ಬೀಜವನ್ನು, ಮೇಲೊಂದು ಹಿಡಿ ಹಾಕಿ, ವಾಪಸು ಕೊಡುತ್ತಾರೆ. ಬೀಜಕ್ಕೆ ವರ್ಷ ತಪ್ಪಬಾರದು, ಅಷ್ಟೇ ಅವರ ಲೆಕ್ಕ. ‘ಆಯ್ತು’ ಎಂದವರು ಬಿತ್ತಲೇಬೇಕು. ಸರ್ಕಾರದವರ ಬಳಿ ಎಕರೆಗಟ್ಟಲೆ ನೆಲ ಇರುತ್ತದೆ, ಉಳಿಸಲೆಂದೇ ಬಂದವರು, ಬಿತ್ತದೆ ಇರುತ್ತಾರೆಯೇ ಎಂಬುದು ಅಜ್ಜಿಯ ನಂಬಿಕೆ. ನಾನು ಹೋಗಿದ್ದು ಮಾದರಿಗೆ. ಅವರು ಕೊಟ್ಟದ್ದು ಮನೆಯಲ್ಲಿದ್ದ ಬೀಜವನ್ನಷ್ಟೂ. ಒಂದು ಕಾಳನ್ನೂ ಉಳಿಸಿಕೊಂಡಿರಲಿಲ್ಲ.

ಗಂಟು ಬಿಚ್ಚಿದಾಗ ಸಾರು ಮುಖ ಸಿಂಡರಿಸಿದರು. “ಇದೇನಮ್ಮ ಬೂದಿ? ಅಷ್ಟು ದೂರದಿಂದ ಬರ್ತಾರೆ. ಚೆನ್ನಾಗಿ ಕ್ಲೀನ್ ಮಾಡಿ ಇಡು.” ಅವರನ್ನು ದೂರಿ ಏನು ಬಂತು, ನನಗೂ ಹಾಗೇ ಅನ್ನಿಸಿತ್ತು. ಬಚ್ಚಲಿನ ನಲ್ಲಿಯ ಕೆಳಗೆ ಜರಡಿ ಹಿಡಿದು ಒಂಬತ್ತೂ ಬಗೆಯ ಬೀಜವನ್ನು ಬೂದಿ ಹೋಗುವ ತನಕ ತೊಳೆದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಪೇಪರಿನ ಮೇಲೆ ಹರಡಿ ಫ್ಯಾನು ಹಾಕಿದೆ. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಒಣಗಿದಂತೆಯೇ ಇತ್ತು. ಗಾಜಿನ ಸೀಸೆಗಳಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಶಾಸ್ತ್ರೀಯ ಹೆಸರು ಟೈಪು ಮಾಡಿದ ಚೀಟಿ ಅಂಟಿಸಿದೆ. ಸಾಲಾಗಿ ಇಟ್ಟು ದೂರದಿಂದ ನೋಡಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಬುದ್ಧಿಗೇಡಿ.

ಸಮಿತಿಯವರು ಮೂರು ಜನ ಬಂದರು. ಬಣ್ಣ ಬಹಳ ಚೆನ್ನಾಗಿದೆ ಎಂದು ಒಬ್ಬರು ಸೀಸೆಗಳ ಫೋಟೋ ಹಿಡಿದರು. ನಾನು ಅಕ್ಕಡಿಯ ವಿಷಯ ಶುರು ಮಾಡಿ ಎರಡು ವಾಕ್ಯ ಮುಗಿಸುವಷ್ಟರಲ್ಲಿ ಕಾಫಿ ಬಂತು, ಮಾತು ಕೆರೆಯ ಬಾತುಕೋಳಿಗಳ ಕಡೆ ಹೊರಳಿತು. ಅವರು ಹೋದ ಮೇಲೆ ಸೀಸೆಗಳನ್ನು ಬೀರುವಿನಲ್ಲಿಟ್ಟೆ.

ಕೆಲವು ತಿಂಗಳಾದ ಮೇಲೆ ದೆಹಲಿಯಿಂದ ತಿದ್ದಿದ ಪ್ರತಿ ಬಂತು. ನನ್ನ ಅಧ್ಯಾಯದ ಮೇಲೆ ಉದ್ದಕ್ಕೆ ಗೀಟು. ಈ ವಿಷಯ ಬೇರೆ ಇಲಾಖೆಗೆ ಸಂಬಂಧಿಸಿದ್ದು ಎಂದು ಪಕ್ಕದಲ್ಲಿ ಬರೆದಿದ್ದರು. ಮುನ್ನುಡಿಯಲ್ಲಿ ಒಂದು ವಾಕ್ಯ ಮಾತ್ರ ಉಳಿದಿತ್ತು: ನಗರದ ಹೊರವಲಯದ ಕೆಲವೆಡೆ ಸಾಂಪ್ರದಾಯಿಕ ಮಿಶ್ರ ಬೆಳೆಯೂ ಕಂಡುಬರುತ್ತದೆ. ಅಷ್ಟೇ. ಅಜ್ಜಿಯ ಊರಿಲ್ಲ, ಒಂಬತ್ತರಲ್ಲಿ ಒಂದರ ಹೆಸರೂ ಇಲ್ಲ.

“ನಾನೇನು ಮಾಡ್ಲಮ್ಮ?” ಎಂದರು ಸಾರು.

“ಅವರು ಊಟ ಮಾಡಲ್ವಾ ಸಾರ್?” ನನ್ನ ಧ್ವನಿ ಏರಿಹೋಗಿತ್ತು. “ಹುಲಿಗೆ, ಹಕ್ಕಿಗೆ ಎಲ್ಲದಕ್ಕೂ ಏನು ಆಹಾರ ಅಂತ ಬರೀತಾರೆ. ಮನುಷ್ಯ ತಿನ್ನೋ ಕಾಳು ಎಲ್ಲಿಂದ ಬರುತ್ತೆ ಅಂತ ಬರೆಯೋಕೆ ಮಾತ್ರ ಜಾಗ ಇಲ್ವಾ?”

ಸಾರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಹೊರಗೆ ಬಂದು, ಗೀಟು ಹಾಕಿದ ಅಷ್ಟೂ ಪುಟಗಳನ್ನು ಕಂಪ್ಯೂಟರಿನಿಂದ ಅಳಿಸಿ, ತಿದ್ದಿದ ಪ್ರತಿಯನ್ನು ಟೈಪು ಮಾಡಿದೆ. ಅದೂ ನನ್ನದೇ ಕೆಲಸವಾಗಿತ್ತು. ಅವತ್ತಿನಿಂದ ಮಾಗಡಿ ರಸ್ತೆಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಯಾವ ಮುಖ ಹೊತ್ತುಕೊಂಡು ಅಜ್ಜಿಯ ಮುಂದೆ ನಿಲ್ಲಲಿ? ಹೋಗಿದ್ದರೆ, ಬಿತ್ತಿದೆಯಾ ಎಂದು ಅವರು ಕೇಳುತ್ತಿದ್ದರು. ಆಗಿನ್ನೂ ಬೀಜದಲ್ಲಿ ಜೀವವಿದ್ದಿರಬಹುದು. ಹೋಗಲಿಲ್ಲ.

ವರದಿ ಅಚ್ಚಾಯಿತು. ಮತ್ತೊಂದು ಬೇಸಿಗೆ ಕಳೆಯಿತು. ಆಷಾಢದ ಮಳೆ ಎರಡು ದಿನ ಚೆನ್ನಾಗಿ ಹೊಯ್ದ ಮೇಲೆ, ಒಂದು ಬೆಳಿಗ್ಗೆ ನಾನು ಒಬ್ಬಳೇ ಕಚೇರಿಯಲ್ಲಿದ್ದಾಗ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು ಕೇಳಿಸಿತು. ಬಾಗಿಲಲ್ಲಿ ಅಜ್ಜಿ, ಏದುಸಿರು ಬಿಡುತ್ತಾ ನಿಂತಿದ್ದರು. ಹಿಂದೆ ನಾನೇ ವಿಳಾಸ ಬರೆದುಕೊಟ್ಟಿದ್ದ ಚೀಟಿ ಕೈಯಲ್ಲಿತ್ತು. ಸೊಸೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೋಗುವವಳು, ದಾರಿಯಲ್ಲಿ ಇಳಿದು ಈ ಕಡೆಯ ಬಸ್ಸು ಹತ್ತಿಸಿದಳಂತೆ.

ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟೆ. ಅವರ ಮುಖ ಅರಳಿತ್ತು.

“ನೆಲ ಸಿಕ್ತು ಕಣವ್ವ. ನಮ್ಮ ಹೊಲದಾಗೇ. ಸೈಟು ಇನ್ನೂ ಯಾರೂ ತಗಂಡಿಲ್ಲ, ಒಂದರಾಗೆ ಬಿತ್ಕೋ ಅಜ್ಜಿ ಅಂದ ವಾಚ್‌ಮನ್ನು. ಹದ ಆಗೈತೆ. ನಾಳೆ ಬಿತ್ಬೇಕು. ಬ್ಯಾರೆವೆಲ್ಲ ಎಲ್ಲಾರ ಇಸ್ಕಂತೀನಿ. ನಮ್ಮತ್ತೆ ಅವರೆ ಕೊಡವ್ವ.”

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ‘ಈ ವರ್ಷ ನೀವು ಬಿತ್ಕಳ್ಳಿ’ ಎಂದದ್ದು, ‘ಮೇಲೊಂದು ಹಿಡಿ’ ಎಂದದ್ದು, ಅದಕ್ಕೆ ನಾನು ಆಯ್ತು ಎಂದದ್ದು. ‘ಇರಿ ಅಜ್ಜಿ, ತರ್ತೀನಿ’ ಎಂದು ಒಳಕೋಣೆಗೆ ಹೋಗಿ ಬೀರು ತೆಗೆದೆ. ಸಮಿತಿಯವರು ಬಂದುಹೋದ ಮೇಲೆ ಅದರ ಆ ಖಾನೆಯನ್ನು ನಾನು ಮುಟ್ಟಿರಲಿಲ್ಲ. ಅವರೆಯ ಸೀಸೆಯ ಮುಚ್ಚಳ ತಿರುಗಿಸಿದರೆ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಕಾಳೆಲ್ಲ ಬೂಷ್ಟು ಹಿಡಿದು ಗಂಟುಗಂಟಾಗಿದ್ದವು. ಪೇಪರಿನ ಮೇಲೆ ಸುರಿದು ಕೆದಕಿದೆ. ಒಂದಾದರೂ, ಎರಡಾದರೂ ಗಟ್ಟಿ ಕಾಳು ಇರಬಾರದೇ ಎಂದು ಒಂದೊಂದನ್ನೇ ಉಗುರಿನಿಂದ ಒತ್ತಿದೆ. ಪ್ರತಿಯೊಂದೂ ಕಪ್ಪಾಗಿ ಹಿಟ್ಟಿನಂತೆ ಉದುರಿತು. ಮಿಕ್ಕ ಸೀಸೆಗಳನ್ನು ತೆಗೆದು ನೋಡುವ ಧೈರ್ಯ ಬರಲಿಲ್ಲ.

“ಸಿಕ್ತಾ?” ಎಂದರು ಅಜ್ಜಿ ಆಚೆಯಿಂದ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬೇರೆ ಕಡೆ ಇಟ್ಟಿದೀನಿ, ಹತ್ತು ನಿಮಿಷ, ಬಂದೆ ಎಂದು ಸುಳ್ಳು ಹೇಳಿ ಮೆಟ್ಟಿಲಿಳಿದು ಓಡಿದೆ. ಎರಡು ರಸ್ತೆ ದಾಟಿ ಒಂದು ದಿನಸಿ ಅಂಗಡಿಗೆ ಹೋಗಿ ಒಣ ಅವರೆಕಾಳಿನ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಳು ಆರಿಸತೊಡಗಿದೆ. ಸಣ್ಣವು, ಕಂದು ಬಣ್ಣದವು, ಒಂಚೂರು ಚಪ್ಪಟೆ ಇರುವವು. ಹಿಡಿಗೆ ನಾಲ್ಕೋ ಐದೋ ಸಿಗುತ್ತಿದ್ದವು.

“ಏನ್ ಮೇಡಂ, ಹೆಣ್ಣು ನೋಡಿದಂಗೆ ನೋಡ್ತೀರ ಕಾಳ್ನ?” ಎಂದು ಅಂಗಡಿಯಾತ ನಕ್ಕ. ನಾನು ತಲೆಯೆತ್ತಲಿಲ್ಲ. ಕಣ್ಣೀರು ಮೂಟೆಯೊಳಗೇ ಬೀಳುತ್ತಿತ್ತು. ಆತ ಅದನ್ನು ನೋಡಿದನೆಂದು ಕಾಣುತ್ತದೆ, ಕಾಳು ಹಾಕಿಕೊಳ್ಳಲು ಒಂದು ಪೊಟ್ಟಣ ಕೊಟ್ಟ.

ಇನ್ನು ಬೂದಿ. ಊರೆಲ್ಲ ಗ್ಯಾಸ್ ಒಲೆ, ಬೂದಿ ಎಲ್ಲಿ ಹುಡುಕಲಿ? ನಮ್ಮ ಕಚೇರಿಯ ಮೂಲೆಯಲ್ಲಿ ಇಸ್ತ್ರಿಯವನ ತಳ್ಳುಗಾಡಿ ನಿಲ್ಲುತ್ತಿತ್ತು. ಅವನ ಪೆಟ್ಟಿಗೆಯ ಇದ್ದಿಲ ಬೂದಿಯನ್ನು ಎರಡು ಹಿಡಿ ಬೇಡಿ, ಪೊಟ್ಟಣಕ್ಕೆ ಸುರಿದು ಕಲಸಿದೆ. ಕೈ, ಸೀರೆಯ ಸೆರಗು ಎಲ್ಲ ಬೂದಿ. ಮಹಡಿ ಹತ್ತುವಾಗ, ದೇವರೇ, ಅಜ್ಜಿಯ ಕಣ್ಣು ಮಂಜಾಗಿರಲಿ ಎಂದು ಬೇಡಿಕೊಂಡೆ. ಇಂಥದ್ದೊಂದು ಬೇಡಿಕೆ ನನ್ನ ಬಾಯಿಂದ ಬಂತಲ್ಲ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ.

ಅಜ್ಜಿ ಕೂತಲ್ಲೇ ಕೂತಿದ್ದರು. ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಬಿಚ್ಚಿದರು. ನಾಲ್ಕು ಕಾಳನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಬೂದಿ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ಅಷ್ಟೇ ಸಾಕಾಯಿತು.

“ಇದು ನಮ್ಮತ್ತೆದಲ್ಲ ಕಣವ್ವ.”

ನಾನು ನೆಲದ ಮೇಲೆ ಕೂತುಬಿಟ್ಟೆ. ಎಲ್ಲ ಹೇಳಿದೆ. ತೊಳೆದದ್ದು, ಸೀಸೆಗೆ ಹಾಕಿದ್ದು, ಬೂಷ್ಟು ಬಂದದ್ದು, ಅಂಗಡಿ, ಇಸ್ತ್ರಿಯ ಬೂದಿ. ಅಜ್ಜಿ ಅಷ್ಟನ್ನೂ ಕೇಳಿಸಿಕೊಂಡರು. ಕೋಪ ಬರಲಿ, ನಾಲ್ಕು ಬೈಗುಳ ಬರಲಿ, ಎದ್ದು ಒಂದು ಬಾರಿಸಲಿ ಎಂದು ಕಾಯುತ್ತಿದ್ದೆ. ಅವರ ಮುಖದಲ್ಲಿ ಕೋಪ ಇರಲಿಲ್ಲ. ಏನೋ ಒಂದು ಗೊತ್ತಾಗದೆ ಒದ್ದಾಡುತ್ತಿದ್ದರು.

“ಬಿತ್ಲೇ ಇಲ್ವಾ?”

“ಇಲ್ಲ ಅಜ್ಜಿ.”

“ಒಂದು ವರ್ಷ ಸೀಸೆಯೊಳಗೇ ಮಡಗಿದ್ರಾ? ಯಾಕವ್ವ?”

“ಉಳಿಸೋಕೆ ಅಜ್ಜಿ,” ಎಂದೆ.

ಅಜ್ಜಿ ಅಂಗಡಿಯ ಅವರೆಯನ್ನು ಮತ್ತೆ ಪೊಟ್ಟಣ ಕಟ್ಟಿ ಮಡಿಲಿಗೆ ಹಾಕಿಕೊಂಡರು. ತಂದದ್ದು ತಂದಿದ್ದೀಯ, ಬೇಯಿಸಿ ಸಾರು ಮಾಡಲಿಕ್ಕಾಯಿತು ಎಂದರು. ಎದ್ದು ಸೀರೆಗೆ ಅಂಟಿದ ಬೂದಿ ಕೊಡವಿ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ನಾನು ಕಚೇರಿಗೆ ಬೀಗ ಹಾಕಿ ಜೊತೆಗೆ ಹೊರಟೆ. ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡರು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು. ಬಿಡಿಸಿಕೊಂಡು ಎಲ್ಲಾದರೂ ಓಡಿಹೋಗೋಣ ಎನ್ನಿಸುತ್ತಿತ್ತು ನನಗೆ.

ನಿಲ್ದಾಣದಲ್ಲಿ ಕಾಯುತ್ತಾ ನಿಂತಿದ್ದಾಗ ಅಜ್ಜಿ ತಟ್ಟನೆ ಕೇಳಿದರು.

“ನಿನ್ನ ಬುಕ್ಕು ಆಯ್ತಾ?”

“ಆಯ್ತಜ್ಜಿ.”

“ಅದ್ರಾಗೆ ಐತಲ್ಲವ್ವ, ನಮ್ಮತ್ತೆ ಅವರೆ? ಅವತ್ತು ನನ್ನ ಮುಂದೇನೇ ಬರ್ಕಂಡ್ಯಲ್ಲ. ಬೀಜ ಹೋದ್ರೆ ಹೋಗ್ಲಿ. ಬುಕ್ಕಾಗಿದ್ರೆ ನಿಮ್ಮೋರು ಎಲ್ಲಾರ ಹುಡುಕಿ ತರ್ತಾರೆ, ಅಲ್ವಾ?”

ಒಂದೇ ದಿನ ಅವರಿಗೆ ಎರಡು ಸಲ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಮಾಗಡಿ ರಸ್ತೆಯ ಬಸ್ಸು ಬಂದು ನಿಂತಿತು.

“ಐತಜ್ಜಿ,” ಎಂದೆ.

“ಹಂಗಾರೆ ಸರಿ ಬುಡು,” ಎಂದು ಅಜ್ಜಿ ಕಂಬಿ ಹಿಡಿದು ಬಸ್ಸು ಹತ್ತಿದರು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ಕತ್ತು ಹೊರಗೆ ಹಾಕಿ, ನನಗೆ ಕೇಳಿಸಲೆಂದು ಜೋರಾಗಿ ಕೂಗಿದರು.

“ಸಿಕ್ಕಿದ ಕೂಡ್ಲೆ ಹೇಳ್ಕಳ್ಸು. ಆ ನೆಲಕ್ಕೆ ಬ್ಯಾರೆ ಏನೂ ಹಾಕಾಕಿಲ್ಲ, ಹಂಗೇ ಬುಟ್ಟಿರ್ತೀನಿ.”